ಬಹುಮಾನದ ಪುಸ್ತಕದೊಳಗಿನ ಚರಕ

ಗೆಳೆಯರೇ, ಈ ಕಾಗದವನ್ನು ಅವಸರದಲ್ಲಿ ಗೀಚುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಬೈಯಬೇಡಿ.

ಇವತ್ತು ಬಣಕಲ್ ಹತ್ತಿರದ ನಮ್ಮ ಎಸ್ಟೇಟ್ ಶಾಲೆಯಲ್ಲಿ ಬಹುಮಾನ ಹಂಚಿಕೆ. ಪುಸ್ತಕ ಆರಿಸಿದ ಮೇಷ್ಟ್ರು ನಾನೇ. ಶಾಲೆಯ ಕಪಾಟನ್ನೆಲ್ಲ ಎರಡೆರಡು ಸಲ ಓದಿ ಮುಗಿಸಿದ ಗಿರಿಜೆಗೆಂದು ಸ್ವರಾಜ್ಯದ ಕಥೆಗಳ ಪುಸ್ತಕ ತಂದಿದ್ದೆ. ರಟ್ಟು ಕಾಣದಂತೆ ಕಂದು ಕಾಗದ ಹೊದಿಸಿದ್ದೆ. ಒಳಗೂ ಚಿತ್ರಗಳಿವೆ ಎಂಬುದು ಮರೆತೇ ಹೋಗಿತ್ತು.

ಬಹುಮಾನ ಕೊಡಲು ಬಂದ, ಕನ್ನಡ ಓದಲು ಬಾರದ ಎಸ್ಟೇಟಿನ ಬಿಳಿ ದೊರೆ ಅದನ್ನೇ ಬಿಡಿಸಬೇಕೇ! ಪುಟದ ತುಂಬ ಚರಕ. ಹುಬ್ಬು ಗಂಟಿಕ್ಕಿ, ಪುಸ್ತಕವನ್ನು ಪಕ್ಕದಲ್ಲಿದ್ದ, ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಶೇಷಪ್ಪನವರ ಕೈಗಿತ್ತರು. ಹೋದ ತಿಂಗಳು ಖಾದಿ ಟೋಪಿ ಹಾಕಿದ್ದ ಮೇಸ್ತ್ರಿಯ ಕೆಲಸ ಹೋದದ್ದು ಇದೇ ರೈಟರ್ ಚಾಡಿಯಿಂದ.

ಶೇಷಪ್ಪನವರು ನಿಧಾನವಾಗಿ ಎರಡು ಪುಟ ಓದಿದರು. ನೂಲುವ ಕಸುಬು ಕಲಿಸುವ ಪುಸ್ತಕ ಎಂದು ಇಂಗ್ಲಿಷಿನಲ್ಲಿ ಹೇಳಿದರು. ದೊರೆ ತಲೆದೂಗಿ ಗಿರಿಜೆಗೆ ಕೊಟ್ಟರು.

ಹೊರಡುವಾಗ ರೈಟರ್ ನನ್ನ ಕಿವಿಯ ಬಳಿ ಬಗ್ಗಿ, "ಮೇಷ್ಟ್ರೇ, ನಮ್ಮನೆ ಹುಡುಗಿಗೂ ಅಂಥದ್ದೇ ಒಂದು ತರ್ಸಿಕೊಡಿ. ಒಳಗೆ ನಿಮ್ಮ ರುಜು ಇರ್ಲಿ" ಎಂದರು.

ಓದುವುದು ಹುಡುಗಿಯೋ, ಪೊಲೀಸರೋ? ಊರಿನಲ್ಲಿ ಓದುಗರು ಹೆಚ್ಚಲಿ ಎಂದು ದಿನವೂ ಹಾರೈಸುತ್ತಿದ್ದವನು ನಾನೇ.