ಸಿಲಿಂಡರ್ ನಾಲ್ಕರ ಗಾಳಿ

ಉಸ್ತಾದರ ಕೋರೆಹಲ್ಲುಗಳು ಚಪ್ಪಟೆಯಾಗಿ ಸವೆದಿದ್ದವು. ಮೂವತ್ತು ವರ್ಷ ನೀರಿನಡಿಯಲ್ಲಿ ಉಸಿರಾಟದ ಕೊಳವೆಯ ರಬ್ಬರ್ ಕಚ್ಚಿಕೊಂಡು ಕೆಲಸ ಮಾಡಿದ್ದರ ಗುರುತು ಅದು. ಚನ್ನಪಟ್ಟಣದ ಬೊಂಬೆ ಮಾಡುವ ಮನೆಯಲ್ಲಿ ಹುಟ್ಟಿ, ಸಮುದ್ರದಲ್ಲಿ ಡೈವರ್ ಆಗಿದ್ದು, ಊರಿಗೆ ಮರಳಿದ ಮೇಲೆ ಅಣೆಕಟ್ಟು, ನದಿಗಳಲ್ಲಿ ಮುಳುಗಿ ಮಾಡುವ ಕೆಲಸ ಹಿಡಿಯುತ್ತಿದ್ದರು. ನಾನು ಮತ್ತು ಅಕ್ಕೂರಿನ ಸಿದ್ದರಾಜು ಅವರ ಶಿಷ್ಯರು. ಎಲ್ಲವನ್ನೂ ಬರೆದಿಡುವ ನನಗೆ ಗಾಳಿಯ ಪುಸ್ತಕ ಒಪ್ಪಿಸಿದ್ದರು: ಯಾವ ಸಿಲಿಂಡರ್, ಎಷ್ಟು ಒತ್ತಡ, ಎಷ್ಟು ಗಂಟೆಗೆ ತುಂಬಿದ್ದು.

ದೂರದ ಜಾಗಕ್ಕೆ ಹೊರಟರೆ ರಸ್ತೆಯನ್ನೂ ಲೆಕ್ಕಕ್ಕೆ ಸೇರಿಸುತ್ತಿದ್ದರು. "ಆಸ್ಪತ್ರೆ ಎಷ್ಟು ಹೊತ್ತಿನ ದಾರಿ ಐತೋ ಅಷ್ಟು ಹೊತ್ತಿನ ಆಕ್ಸಿಜನ್ ಜೀಪಲ್ಲಿರಬೇಕು. ಅಲ್ಲಿ ಹೋಗಿ ಯಾರ್ನ ಕೇಳ್ತೀಯ, ಮೀನನ್ನಾ?" ಎನ್ನುತ್ತಿದ್ದರು.

ಆ ಸಲದ ಕೆಲಸ ಕನಕಪುರ ದಾಟಿ, ಸಂಗಮದ ಕೆಳಗೆ, ಕಾಡಿನ ನಡುವಿನ ಕಾವೇರಿಯಲ್ಲಿ. ನೀರೆತ್ತುವ ಪಂಪಿನ ಬಾಯಿಯ ಜಾಲರಿಗೆ ಕಟ್ಟಿದ ಕಸ ಬಿಡಿಸಬೇಕಿತ್ತು. ಅಲ್ಲಿ ಗಾಳಿ ತುಂಬಲು ಆಗುವುದಿಲ್ಲವೆಂದು ರಾಮನಗರದಲ್ಲಿ ನನ್ನ ಸೋದರಮಾವನ ರೇಷ್ಮೆ ಬಿಚ್ಚುವ ಶೆಡ್ಡಿನಲ್ಲಿ ನಾಲ್ಕು ಸಿಲಿಂಡರ್ ತುಂಬಿದೆ. "ಬೀದಿ ಕಡೆ ಬ್ಯಾಡ ಕಣ್ಲಾ, ಲಾರಿ ಹೊಗೆ" ಎಂದಿದ್ದರು ಉಸ್ತಾದರು. ಗಾಳಿ ತುಂಬುವ ಯಂತ್ರವನ್ನು ಹಿತ್ತಲಿಗೆ ಒಯ್ದೆ. ಎರಡು ತುಂಬಿದ ಮೇಲೆ, ಪಕ್ಕದಲ್ಲೇ ಶೆಡ್ಡಿನವರು ರೇಷ್ಮೆಗೂಡು ಬೇಯಿಸುವ ಒಲೆ ಹಚ್ಚಿದರು. ನಾನು ಒತ್ತಡ ಬರೆದುಕೊಳ್ಳುತ್ತಿದ್ದೆ, 'ಮೂರು, ಇನ್ನೂರು ಬಾರ್, ಏಳೂ ಕಾಲು' ಎಂದು.

ಹೊಳೆ ತಲುಪಿದಾಗ ಜೀಪಿನ ಬಾಗಿಲ ಬಳಿ ಇದ್ದದ್ದು ಮೂರು ಮತ್ತು ನಾಲ್ಕು. ಮೂರನೆಯದನ್ನು ಕಟ್ಟಿಕೊಂಡು ಇಳಿದ ಉಸ್ತಾದರು ಅರ್ಧ ಗಂಟೆಯಲ್ಲಿ ತಲೆ ಹಿಡಿದುಕೊಂಡು ಮೇಲೆ ಬಂದರು.

"ವಯಸ್ಸಾಯ್ತು ಉಸ್ತಾದ್. ಇನ್ನು ಬೊಂಬೆಗೆ ಬಣ್ಣ ಬಳ್ಕಂಡಿರಿ" ಎಂದು ನಕ್ಕು ಸಿದ್ದರಾಜು ನಾಲ್ಕನೆಯದರೊಂದಿಗೆ ಇಳಿದ. ಅವನ ಸೊಂಟದ ಹಗ್ಗ ನನ್ನ ಕೈಯಲ್ಲಿತ್ತು.

ಉಸ್ತಾದರು ಬಂಡೆಯ ಪಕ್ಕ ವಾಂತಿ ಮಾಡಿದರು. ಬಾಯಿ ಒರೆಸಿಕೊಂಡು ನನ್ನತ್ತ ತಿರುಗಿದರು.

"ಯಂತ್ರ ಎಲ್ಲಿಟ್ಟಿದ್ದೆ?"

"ಹಿತ್ತಲಲ್ಲಿ."

"ಒಲೆ ಉರೀತಿತ್ತೇನ್ಲಾ?"

ಹೌದೆಂದು ತಲೆಯಾಡಿಸಿದೆ. "ಹೊಗೆ ವಾಸ್ನೆನ ಫಿಲ್ಟರ್ ಹಿಡೀತದೆ. ಯಂತ್ರ ಎಳ್ಕಂಡಿರೋ ಹೊಗೆ ವಿಷಾನ ಹಿಡಿಯಾಕಿಲ್ಲ" ಎಂದರು. ಹಗ್ಗವನ್ನು ಒಮ್ಮೆ ಜಗ್ಗಿದೆ. ಮರುಜಗ್ಗು ಬರಲಿಲ್ಲ. ಎರಡೂ ಕೈಯಲ್ಲಿ ಎಳೆದೆ; ಕಸಕ್ಕೆ ಸಿಕ್ಕಿಕೊಂಡಿತ್ತು. ನೀರಿನ ಮೇಲೆ ಗುಳ್ಳೆಗಳು ಏಳುತ್ತಿದ್ದವು. ಅವನು ಬದುಕಿದ್ದಾನೆ, ನಾನು ತುಂಬಿದ ವಿಷವನ್ನು ಇನ್ನೊಂದು ಗುಟುಕು ಎಳೆದುಕೊಂಡಿದ್ದಾನೆ.

"ಒಂದನೇ ಸಿಲಿಂಡರ್?" ಎಂದರು ಉಸ್ತಾದರು.

"ಒಲೆ ಹಚ್ಚೋಕೆ ಮುಂಚೆ ತುಂಬಿದ್ದು."

"ಗ್ಯಾರಂಟೀನಾ?"

"ಹ್ಞೂಂ ಉಸ್ತಾದ್."

ನನ್ನ ಆ ಒಂದು ಮಾತಿನ ಮೇಲೆ ರಬ್ಬರ್ ಕಚ್ಚಿ ಇಳಿದುಬಿಟ್ಟರು. ಎಣಿಸತೊಡಗಿದೆ. ಇನ್ನೂರ ಹನ್ನೆರಡಕ್ಕೆ ಎರಡು ತಲೆಗಳು ಕಂಡವು. ಸಿದ್ದರಾಜುವಿನ ಕಣ್ಣು ತೆರೆದಿತ್ತು, ಆದರೆ ನನ್ನ ಗುರುತು ಹಿಡಿಯಲಿಲ್ಲ.

ಜೀಪನ್ನು ನಾನೇ ಓಡಿಸಿದೆ. ಹಿಂದೆ ಉಸ್ತಾದರು ಅವನ ಮುಖಕ್ಕೆ ಆಕ್ಸಿಜನ್ ಒತ್ತಿ ಹಿಡಿದಿದ್ದರು. "ನೀವೂ ಒಸಿ ತಗಳ್ಳಿ" ಎಂದೆ. "ರಸ್ತೆ ನೋಡ್ಕಂಡು ಓಡ್ಸ್ಲಾ" ಎಂದರು. ಕನಕಪುರದ ಆಸ್ಪತ್ರೆ ತಲುಪುವವರೆಗೂ ಅವರು ಅದರಿಂದ ಒಂದು ಉಸಿರನ್ನೂ ತೆಗೆದುಕೊಳ್ಳಲಿಲ್ಲ.

ಸಂಜೆ ಸಿದ್ದರಾಜುವಿನ ತಾಯಿ ಬಂದು ಕೂಗಿದರು: "ಯಾವನು ನನ್ನ ಮಗನಿಗೆ ಈ ಗಾಳಿ ಕೊಟ್ಟೋನು?"

ನಾನು ಬಾಯಿ ತೆರೆಯುವ ಮೊದಲೇ ಉಸ್ತಾದರು, "ಯಂತ್ರ ಅಲ್ಲಿಟ್ಟೋನು ನಾನೇ ಕಣವ್ವ" ಎಂದರು. ಆಕೆ ಶಪಿಸಿದ್ದನ್ನೆಲ್ಲ ತಲೆ ತಗ್ಗಿಸಿ ಕೇಳಿಸಿಕೊಂಡರು. ನಾನು ಹೆದರಿ ಸುಮ್ಮನೆ ನಿಂತಿದ್ದೆ. ಸಿದ್ದರಾಜು ನಾಲ್ಕನೆಯ ದಿನ ಎದ್ದು ನಡೆದ. ಆಕೆ ಶಪಿಸಿದ ದಿನದ ನನ್ನ ಡೈರಿಯ ಪುಟ ಖಾಲಿಯಿದೆ.

ಕಳೆದ ವರ್ಷ ಉಸ್ತಾದರು ತೀರಿಕೊಂಡರು. ಮಣ್ಣು ಮುಗಿಸಿ ಚನ್ನಪಟ್ಟಣದ ಬಸ್ ನಿಲ್ದಾಣದಲ್ಲಿ ಟೀ ಕುಡಿಯುತ್ತಿದ್ದಾಗ ಸಿದ್ದರಾಜು ಹೇಳಿದ: "ದೊಡ್ಡ ಮನ್ಸ ಕಣ್ಲಾ. ಅದೊಂದು ತಪ್ಪು ಬಿಟ್ರೆ."



"ಅದು ಅವರ ತಪ್ಪಲ್ಲ. ಯಂತ್ರ ಅಲ್ಲಿಟ್ಟೋನು ನಾನು."

ಅವನು ಅರ್ಧ ಕುಡಿದ ಟೀ ಚೆಲ್ಲಿದ.

"ನಮ್ಮವ್ವ ಇವತ್ತಿಗೂ ಅವರ್ನ ಬೈತಾಳೆ. ನಡಿ, ನೀನೇ ಬಂದು ಹೇಳು."

ಅಕ್ಕೂರಿನ ಬಸ್ಸು ಹತ್ತಿದೆವು.