ರೇವತಿ ಕೇಳದ ಕ್ಷಮೆ

ರೇವತಿ, ಅಂದು ನೀನು ಕ್ಷಮೆ ಕೇಳಿರಲಿಲ್ಲ. ಕೇಳಿದೆಯೆಂದು ಮಾಲೀಕರಿಗೆ ಹೇಳಿದವನು ನಾನು.

ತಿರುಪ್ಪೂರಿನ ಆ ಬನಿಯನ್ ಕಂಪನಿಗೆ ಸೇರುವ ಮೊದಲು ನಾನು ಸಿಂಗಾನಲ್ಲೂರಿನಲ್ಲಿ ಗಣಿತದ ಮೇಷ್ಟ್ರಾಗಿದ್ದೆ. ತಪ್ಪು ಎಲ್ಲಿದೆಯೆಂದು ನೋಡುವ ಮುನ್ನ ಯಾರದೆಂದು ಹುಡುಕುವುದು ಅಲ್ಲಿಂದಲೇ ಬಂದ ಅಭ್ಯಾಸ. ಒಂದು ಅಳತೆಯ ಪ್ಯಾಟರ್ನ್ ಕೊಟ್ಟರೆ ಉಳಿದ ಅಳತೆಗಳನ್ನು ಲೆಕ್ಕ ಹಾಕುವ ಪ್ರೋಗ್ರಾಂ ನೀನು ಬರೆದದ್ದು. ಅದು ಓಡುವ ಕಂಪ್ಯೂಟರುಗಳೂ ಅದು ಆತುಕೊಳ್ಳುವ ಲೈಬ್ರರಿಗಳೂ — ಬೇರೆಯವರು ಬರೆದಿಟ್ಟ ಸಿದ್ಧ ಲೆಕ್ಕದ ತುಣುಕುಗಳು — ನನ್ನ ಸುಪರ್ದಿಯವು. ದೊಡ್ಡ ಅಳತೆಯ ಅಂಗಿಗಳ ತೋಳು ಗಿಡ್ಡವಾಗಿ ಸರಕೆಲ್ಲ ಹಿಂದಿರುಗಿದಾಗ ನನ್ನ ಕಣ್ಣು ನಿನ್ನ ಮೇಲೆಯೇ ಬಿತ್ತು. ಊಟದ ಹೊತ್ತಿನಲ್ಲಿ ಹೊರಗೆ ನಿಂತು ಫೋನಿನಲ್ಲಿ ಮಾತನಾಡುತ್ತಿದ್ದೆಯಲ್ಲ — ಬೇರೆ ಕಂಪನಿಯವರೊಂದಿಗೇ ಇರಬೇಕು — ನಾನು ಹತ್ತಿರ ಬಂದರೆ ನೀನು ಕಂಪ್ಯೂಟರ್ ಪರದೆಯನ್ನು ಮರೆಮಾಡುತ್ತಿದ್ದೆ — ಅಥವಾ ನನಗೆ ಹಾಗೆ ಕಂಡಿತು.

ಮಾಲೀಕರು ಇಬ್ಬರನ್ನೂ ಕರೆದರು. ಕಂಪನಿಯಲ್ಲಿ ನಾವು ಆಡುತ್ತಿದ್ದುದು ತಮಿಳು. ನಮ್ಮಿಬ್ಬರ ಮನೆಮಾತಾದ, ಮಾಲೀಕರಿಗೆ ಬಾರದ ಕನ್ನಡವನ್ನು ಅಲ್ಲಿಗೆ ಎಂದೂ ತಂದಿರಲಿಲ್ಲ. ಅಂದು ನೀನು ಅದನ್ನು ತಂದೆ — ನಮ್ಮವರಲ್ಲೊಬ್ಬ ಹಿರಿಯ ಪರರೆದುರು ತಲೆ ತಗ್ಗಿಸಬಾರದೆಂದು.

“ಅಣ್ಣಾ, ನನ್ನ ಪ್ರೋಗ್ರಾಂನ ನಾ ಮುಟ್ಟೇ ಇಲ್ಲ. ಅದರ ಅಡಿಲಿರೋ ಲೈಬ್ರರಿ ಎಲ್ಲಾ ಹೋದ ವಾರ ನೀವು ತಾನೆ ಹಳೇದು ತೆಗ್ದು ಪುದುಸು ಹಾಕುದ್ರಿ? ನಾ ಹೇಳುದ್ರೆ ಚೆನ್ನಾಗಿರಲ್ಲ. ನೀವೇ ಹೇಳ್ಬುಡಿ.”

“ಎನ್ನ ವಾತ್ಯಾರೇ, ಅಂದಪ್ಪುಳ್ಳ ಎನ್ನ ಸೊಲ್ಲುದು?” ಏನು ಮೇಷ್ಟ್ರೇ, ಆ ಹುಡುಗಿ ಏನನ್ನುತ್ತಾಳೆ ಎಂದು ಮಾಲೀಕರು ಕೇಳಿದರು.

“ಮನ್ನಿಪ್ಪು ಕೇಕ್ಕುದುಂಗ,” ಎಂದೆ. ಕ್ಷಮೆ ಕೇಳುತ್ತಿದ್ದಾಳೆ.

ಆ ತಮಿಳು ನಿನಗೂ ಅರ್ಥವಾಯಿತು. ನನ್ನನ್ನು ನೋಡಿದೆ; ಕೈಚೀಲ ಎತ್ತಿಕೊಂಡು ಹೊರಟವಳು ಮತ್ತೆ ಕೆಲಸಕ್ಕೆ ಬರಲಿಲ್ಲ. ನೀನು ಹಾಗೆ ಹೊರಟುಹೋದದ್ದನ್ನೂ ನಾನು ನಿನ್ನ ತಪ್ಪಿಗೆ ಸಾಕ್ಷಿಯೆಂದೇ ಎಣಿಸಿದೆ.

ಈ ವರ್ಷ ಹಳೆಯ ಗಿರಾಕಿಯೊಬ್ಬರು ಅದೇ ಅಂಗಿಯನ್ನು ಮತ್ತೆ ಕೇಳಿದರು. ಈಗ ನಮ್ಮಲ್ಲಿ ಪ್ಯಾಕೇಜ್ ಮ್ಯಾನೇಜರ್ ಎಂಬ ತಂತ್ರಾಂಶವಿದೆ — ಹಳೆಯ ಪ್ರೋಗ್ರಾಮನ್ನೂ ಅದು ಆತುಕೊಂಡಿದ್ದ ಲೈಬ್ರರಿಗಳನ್ನೂ ಬೇಕಾದ ದಿನದ ಆವೃತ್ತಿಯಲ್ಲಿ, ಕಿಂಚಿತ್ತೂ ವ್ಯತ್ಯಾಸವಿಲ್ಲದೆ, ಮತ್ತೆ ಕಟ್ಟಿಕೊಡುತ್ತದೆ. ಗಿರಾಕಿಗಾಗಿ ಕಟ್ಟಿದೆನೆಂದರೆ ಅರ್ಧಸತ್ಯ. ನಿನ್ನ ತಪ್ಪನ್ನು ಕಣ್ಣಾರೆ ಕಾಣುವ ಆಸೆಯಿತ್ತು.

ಹಳೆಯ ಲೈಬ್ರರಿಯ ಮೇಲೆ ನಿನ್ನ ಪ್ರೋಗ್ರಾಂ ತೋಳನ್ನು ಸರಿಯಾಗಿ ಕೊಟ್ಟಿತು. ನಾನು ಹಾಕಿದ್ದ ಹೊಸದರ ಮೇಲೆ ಅದೇ ಪ್ರೋಗ್ರಾಂ ಗಿಡ್ಡ ಮಾಡಿತು. ಕಂಪ್ಯೂಟರನ್ನೇ ಶಂಕಿಸಿ ಇನ್ನೊಂದರಲ್ಲಿ ಕಟ್ಟಿದೆ. ಅಲ್ಲೂ ಅದೇ. ಶಂಕಿಸಲು ಮತ್ತಾರೂ ಉಳಿಯಲಿಲ್ಲ —

ನೀನು ಕೇಳದ ಆ ಕ್ಷಮೆ ಕಂಪನಿಯಿಂದ ಕಂಪನಿಗೆ ಹಬ್ಬಿತು. ಕಂಪ್ಯೂಟರ್ ಕೆಲಸ ನಿನಗೆ ಯಾರೂ ಕೊಡಲಿಲ್ಲ. ಈಗ ಎಲ್ಲೋ ಅಂಗಿಗಳ ಬಿಡಿ ನೂಲು ಕತ್ತರಿಸುತ್ತಿರುವೆಯಂತೆ.

ಇದನ್ನು ಕನ್ನಡದಲ್ಲಿ ಬರೆಯುತ್ತಿರುವುದೇಕೆಂದು ನನ್ನನ್ನೇ ಶಂಕಿಸುತ್ತೇನೆ. ತಮಿಳು ಶಾಲೆಯಲ್ಲಿ ಓದಿದ ನಿನಗೆ ಈ ಲಿಪಿ ಬಾರದು, ಮಾಲೀಕರಿಗೂ ಬಾರದು. ಯಾರೂ ಓದದ ಕಡೆ ಒಪ್ಪಿಕೊಳ್ಳುವುದು ಸುಲಭ. ಆದ್ದರಿಂದ ಇಲ್ಲಿಗೆ ನಿಲ್ಲಿಸಿ ಮಾಲೀಕರ ಕೋಣೆಗೆ ಹೋಗುತ್ತೇನೆ. ಅಲ್ಲಿ ಎಲ್ಲರಿಗೂ ಕೇಳುವಂತೆ, ತಮಿಳಿನಲ್ಲಿ ಹೇಳುತ್ತೇನೆ.