ಬಿತ್ತಿದ ಹೊಲಕ್ಕೆ ದಾರಿ ತೋರಿಸಿದೆ

ಬಿಳಿಚೋಡು ಕಡೆಯ ಕುರಿಗಾಹಿಗಳು ಪ್ರತಿ ವರ್ಷ ಮಂದೆ ಹೊಡೆದುಕೊಂಡು ಚನ್ನಗಿರಿ, ಹೊನ್ನಾಳಿ, ನಮ್ಮ ನ್ಯಾಮತಿ ಕಡೆ ಬರುತ್ತಾರೆ. ಕೊಯ್ಲಾದ ಹೊಲದಲ್ಲಿ ಮಂದೆ ನಿಲ್ಲಿಸಿದರೆ ಹೊಲಕ್ಕೆ ಗೊಬ್ಬರ, ಕುರಿಗೆ ಮೇವು, ಕುರಿಗಾಹಿಗೆ ಒಂದಿಷ್ಟು ಕಾಳು. ಯಾರ ಹೊಲ ಖಾಲಿ ಎಂದು ಹೇಳುವವನು ನಾನಾಗಿದ್ದೆ. ನನ್ನ ಹಗ್ಗದ ಅಂಗಡಿಯಲ್ಲಿ ಕೇಳದೆ ಯಾವ ಮಂದೆಯೂ ಮುಂದೆ ಹೋಗುತ್ತಿರಲಿಲ್ಲ. ಅದೇ ನನ್ನ ದೊಡ್ಡಸ್ತಿಕೆ.

ಆಮೇಲೆ ಬಿಳಿಚೋಡಿನ ಒಬ್ಬ ಕುರಿಗಾಹಿಯ ಮಗಳು, ಕಾಲೇಜು ಓದಿದವಳು, ಒಂದು ಆ್ಯಪ್ ಮಾಡಿದಳು. ಸೋಷಿಯಲ್ ಮೀಡಿಯಾದಲ್ಲಿ ರೈತರು ‘ಹೊಲ ಖಾಲಿ ಇದೆ, ಕುರಿ ಬೇಕು’ ಎಂದು ಹಾಕಿದ್ದನ್ನು ಅದು ಹೆಕ್ಕಿ, ಓದಲು ಬಾರದ ಕುರಿಗಾಹಿಗಳಿಗೆ ಫೋನಿನಲ್ಲಿ ಓದಿ ಹೇಳುತ್ತಿತ್ತು. ಮಂದೆಗಳು ನನ್ನ ಅಂಗಡಿ ಮುಂದೆ ನಿಲ್ಲದೆ ಸಾಗತೊಡಗಿದವು.

ಹೋದ ವರ್ಷ ಆ ಸೋಷಿಯಲ್ ಮೀಡಿಯಾ ಕಂಪನಿ ಹೊರಗಿನವರ ಆ್ಯಪ್‌ಗಳಿಗೆಲ್ಲ ಬಾಗಿಲು ಹಾಕಿತು. ಅಲ್ಲಿ ಜನ ಬರೆದದ್ದನ್ನು ಅವು ಇನ್ನು ಓದುವಂತಿರಲಿಲ್ಲ. ಹುಡುಗಿಗೆ ಅದು ತಿಳಿಯುವ ಮೊದಲು, ಅವಳ ಆ್ಯಪ್ ಕೊನೆಗೆ ಸಿಕ್ಕ ಸುದ್ದಿಯನ್ನೇ ಮತ್ತೆ ಮತ್ತೆ ಹೇಳುತ್ತಾ ಉಳಿಯಿತಂತೆ.

ಆ ದಿನಗಳಲ್ಲೇ ಅವಳ ಅಪ್ಪ ಮಂದೆಯೊಂದಿಗೆ ಬಂದು ಕೇಳಿದ: “ಕೆರೆ ಹಿಂದಿನ ಹೊಲ ಖಾಲಿ ಐತಂತೆ. ದಾರಿ ಹಿಂಗೇ ಏನ್ರೀ?”

ಅಲ್ಲಿ ಮೆಕ್ಕೆಜೋಳ ಗೇಣುದ್ದ ಎದ್ದಿದ್ದನ್ನು ನಾನೇ ಕಂಡಿದ್ದೆ.

“ಹಿಂಗೇ ಹೋಗ್ರಿ. ಮಗಳು ಹೇಳಿದ ಮೇಲೆ ನಂದೇನೈತೆ?” ಎಂದೆ.

ಮುಂದಿದ್ದ ಕುರಿಗಳು ಪೈರಿಗೆ ಬಾಯಿ ಹಾಕಿದವು. “ಆ ಫೋನಿಗೆ ಕಣ್ಣೈತೇನಲೇ?” ಎಂದು ಹೊಲದವನು ಬೈದದ್ದು ಸಂತೆಯವರೆಗೂ ಸುದ್ದಿಯಾಯಿತು. ದಾರಿ ತೋರಿಸಿದವನು ನಾನೆಂದು ಅವಳ ಅಪ್ಪ ಯಾರಿಗೂ ಹೇಳಲಿಲ್ಲ. ಆದರೆ ಅವಳ ಆ್ಯಪನ್ನು ಮತ್ತೆ ಯಾರೂ ನಂಬಲಿಲ್ಲ.

ತಡೆಯಲಾರದೆ ಕಡೆಗೊಂದು ದಿನ ಬಿಳಿಚೋಡಿಗೆ ಬಸ್ ಹತ್ತಿದೆ. ಅವರ ಮನೆಯ ಜಗಲಿಯಲ್ಲಿ ಕೂತು ಎಲ್ಲ ಹೇಳಿದೆ. ಹುಡುಗಿ ನನ್ನ ಕಡೆ ತಿರುಗಿ ಕೇಳಿದಳು:

“ಕಂಪನಿಯೋರು ಬಾಗಿಲು ಹಾಕಿದ್ರು, ಅವ್ರಿಗೆ ನಾವು ಯಾರು ಅಂತ ಗೊತ್ತಿಲ್ಲ. ನೀವ್ಯಾಕೆ ಹಾಕಿದ್ರಿ ಅಜ್ಜ?”

ನಾನು ಜಗಲಿಯಿಂದ ಎದ್ದು ಹೊರಡಲು ನೋಡಿದೆ.

ಆಮೇಲೆ ಅವಳೇ ಹೇಳಿದಳು: “ಈಗ ರೈತರು ಸೀದಾ ನಂಗೇ ಫೋನ್ ಮಾಡೋ ಹಂಗೆ ಮಾಡೀನಿ. ಇನ್ನು ಯಾರ ಬಾಗಿಲೂ ಕಾಯೋದು ಬ್ಯಾಡ. ಆದ್ರೆ ಹೊಲ ಕಣ್ಣಾರೆ ನೋಡಿ ಹೇಳಾಕೆ ಒಬ್ಬರು ಬೇಕು.”

“ನಾನು ನೋಡಿದ್ರೆ ನಂಬ್ತೀಯೇನವ್ವ?”

ಒಳಗಿನಿಂದ ಅವಳ ಅಪ್ಪ ನಕ್ಕ. “ಸುಳ್ಳು ಹೇಳಾಕೆ ಇಷ್ಟು ದೂರ ಬಸ್ಸಲ್ಲಿ ಕುಕ್ಕರಿಸ್ಕೊಂಡು ಯಾರು ಬರ್ತಾರೆ ಬಿಡವ್ವ.”

ಈ ಸುಗ್ಗಿಯ ಮೊದಲ ಹೊಲ ನೋಡಲು ಹೋದಾಗ ಅಲ್ಲಿ ಉಳುಮೆಗೆ ಆಗಲೇ ಟ್ರ್ಯಾಕ್ಟರ್ ಇಳಿದಿತ್ತು. ಬದುವಿನ ಮೇಲೆ ನಿಂತು, ಕುರಿಗಾಹಿಗಳಿಗೆ ಕೇಳಿಸಲೆಂದು ಫೋನಿಗೆ ಹೇಳಿದೆ: “ನ್ಯಾಮತಿ ಅಜ್ಜ ಮಾತಾಡ್ತಿರೋದು. ಈ ಹೊಲಕ್ಕೆ ಬರಬ್ಯಾಡ್ರಿ. ಪಕ್ಕದ್ದು ಖಾಲಿ ಐತೆ, ಹೊಲದೋರನ್ನೂ ಕೇಳೀನಿ.”

ಇಳಿಹೊತ್ತಿಗೆ ಮಂದೆ ಬಂತು. ಮುಂದೆ ಬರುತ್ತಿದ್ದವನು ಅವಳ ಅಪ್ಪ. ಏನೂ ಕೇಳದೆ, ಸೀದಾ ಆ ಪಕ್ಕದ ಹೊಲಕ್ಕೆ ಇಳಿದ.